ಮೂಸಿ ನೋಡುವ ಮೆಷಿನ್ನು

ನನ್ನ ಮಂಡಿ ಹಾಳಾಗಿರುವ ವಿಷಯ ನನಗೊಬ್ಬಳಿಗೆ ಬಿಟ್ಟರೆ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಗನ ಕಿವಿಗೆ ಬಿದ್ದರೆ ಮುಗಿಯಿತು, "ಸಾಕಮ್ಮ, ಇನ್ಮೇಲೆ ಮನೇಲಿ ಕೂತ್ಕೋ" ಎನ್ನುತ್ತಾನೆ. ಮನೆಯಲ್ಲಿ ಕೂತು ಏನು ಮಾಡಲಿ, ಜಂತಿ ಎಣಿಸಲೇ? ನಮ್ಮ ಮಾವಿನ ಶೆಡ್ಡಿನ ವಾಸನೆ, ಹೆಂಗಸರ ಹರಟೆ, ಲಾರಿ ಡ್ರೈವರನ ಜೊತೆ ಒಂದು ಜಗಳ, ಇಷ್ಟಿಲ್ಲದಿದ್ದರೆ ನನಗೆ ಊಟ ಸೇರುವುದಿಲ್ಲ. ಅದಕ್ಕೇ ಬೆಳಿಗ್ಗೆ ಬಚ್ಚಲಿನ ಬಾಗಿಲು ಹಾಕಿಕೊಂಡು ಮುಲಾಮು ತಿಕ್ಕಿ, ಏನೂ ಆಗದವಳ ಹಾಗೆ ನೆಟ್ಟಗೆ ನಡೆದು ಬರುತ್ತಿದ್ದೆ.

ಈ ವರ್ಷ ಸೊಸೆ ಒಂದು ಮೆಷಿನ್ನು ತರಿಸಿದಳು. ಕ್ರೇಟನ್ನು ಅದರ ಕೆಳಗಿಟ್ಟರೆ, ಹಣ್ಣು ಬಿಡುವ ಗಾಳಿಯನ್ನು ಮೂಸಿ ದೀಪ ಹಚ್ಚುತ್ತದೆ. ಕಾಯಿಗೆ ಹಸಿರು, ದೋರೆಗಾಯಿಗೆ ಹಳದಿ, ಹಣ್ಣಿಗೆ ಕೆಂಪು. ಹಸಿರು ಬಂದದ್ದು ದೂರದೂರಿನ ಲಾರಿಗೆ, ಕೆಂಪು ಬಂದದ್ದು ಅವತ್ತೇ ಇಲ್ಲೇ ಮಾರಾಟಕ್ಕೆ.

"ನಮ್ಮ ಮೂಗೆಲ್ಲ ಸತ್ತುಹೋಗಿದ್ವಾ, ದುಡ್ಡು ಕೊಟ್ಟು ಇನ್ನೊಂದು ಮೂಗು ತರೋಕೆ?" ಎಂದೆ.

"ನಿಮ್ಮ ಮೂಗಿಗೆ ರಜಾ ಕೊಡಿ ಅತ್ತೆ. ಪಾಪ, ಎಲ್ಲರ ವಿಷಯಕ್ಕೂ ತೂರಿ ತೂರಿ ದಣಿದಿದೆ" ಎಂದಳು.

ಬಾಯಿ ನೋಡಿ ಅವಳದು! ನಗು ಬಂತು, ತೋರಿಸಿಕೊಳ್ಳಲಿಲ್ಲ.

ಸುಳ್ಳು ಯಾಕೆ ಹೇಳಲಿ, ಮೆಷಿನ್ನು ಚೆನ್ನಾಗಿಯೇ ಕೆಲಸ ಮಾಡಿತು. ಅದನ್ನು ನೋಡಿಕೊಳ್ಳುವ ಹೆಂಗಸು ರಜೆ ಹಾಕಿದ ದಿನ ನಾನೇ ಅಲ್ಲಿ ನಿಂತೆ. ಅವತ್ತು ನೋವು ಜಾಸ್ತಿಯೆಂದು ಮುಲಾಮನ್ನೂ ಧಾರಾಳವಾಗಿ ಬಳಿದುಕೊಂಡಿದ್ದೆ. ಕ್ರೇಟು ಇಟ್ಟೆ, ಕೆಂಪು. ಇನ್ನೊಂದು ಇಟ್ಟೆ, ಅದೂ ಕೆಂಪು. ಹೊರಗೆ ಲಾರಿ ಹಾರ್ನ್ ಹೊಡೆಯುತ್ತಿತ್ತು. ಮಗ ಓಡಿ ಬಂದವನು ತಲೆ ಮೇಲೆ ಕೈ ಹೊತ್ತ.

"ಎಲ್ಲಾ ಹಣ್ಣಾಗ್ಬಿಟ್ಟಿದೆ! ಲಾರಿ ವಾಪಸ್ ಕಳಿಸ್ತೀನಿ."

"ನಿನ್ನ ತಲೆ! ಒತ್ತಿ ನೋಡು, ಕಲ್ಲಿದ್ದ ಹಾಗಿದೆ."

ಅಷ್ಟರಲ್ಲಿ ಸೊಸೆ ಬಂದು, ನನ್ನನ್ನು ದೂರ ಸರಿಸಿ, ಅದೇ ಕ್ರೇಟನ್ನು ಮತ್ತೆ ಇಟ್ಟಳು. ಸ್ವಲ್ಪ ಹೊತ್ತಿಗೆ ಹಸಿರು ಬಂತು. ಏನಪ್ಪಾ ಇದು ಎಂದು ನಾನು ಹತ್ತಿರ ಹೋಗಿ ಇಣುಕಿದೆ, ಕೆಂಪು. ಅವಳು ಮೂಗರಳಿಸಿದಳು.

"ಘಾಟು ವಾಸನೆ ತಾಗಿದ್ರೂ ಇದು ಹಣ್ಣು ಅಂತ್ಲೇ ತೋರಿಸುತ್ತೆ. ಇಲ್ಲಿ ಯಾರೋ ಏನೋ ಹಚ್ಕೊಂಡಿದ್ದಾರೆ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನ್ನ ಕೈ ತಾನಾಗಿ ಮಂಡಿಗೆ ಹೋಯಿತು. ಅವಳು ನೋಡಿಯೇಬಿಟ್ಟಳು. ಅಯ್ಯೋ, ನನ್ನ ಶೆಡ್ಡಿನ ಋಣ ಇವತ್ತಿಗೆ ತೀರಿತು ಎಂದುಕೊಂಡೆ.

"ಏನು ಹಚ್ಕೊಂಡಿದ್ದೀಯಮ್ಮಾ?" ಎಂದ ಮಗ.

ನಾನು ಬಾಯಿ ತೆರೆಯುವ ಮೊದಲೇ ಸೊಸೆ, "ಅತ್ತೆಗೆ ತಲೆನೋವು ರೀ. ಹಣೆಗೆ ಮುಲಾಮು ಹಚ್ಚಿದ್ದಾರೆ, ಅಷ್ಟೇ" ಎಂದಳು.

ನಾನು ಬಾಗಿಲ ಕಡೆ ಹೋಗಿ ನಿಂತೆ. ಲಾರಿ ತುಂಬಿಕೊಂಡು ಹೋಯಿತು.

ಸಂಜೆ ಮನೆಯಲ್ಲಿ ಅವಳೇ ಮಾತು ತೆಗೆದಳು. "ಮೆಷಿನ್ ಹತ್ರ ನಂಬಿಕಸ್ಥರು ಒಬ್ರು ಕೂತೇ ಇರ್ಬೇಕು ರೀ. ಕ್ರೇಟ್ ಬೇರೆಯವರು ಎತ್ಲಿ. ಒಂದು ಕುರ್ಚಿ ಹಾಕ್ಸಿ, ಅತ್ತೆ ನೋಡ್ಕೋತಾರೆ."

"ಅಮ್ಮ ಕೂತಲ್ಲಿ ಕೂರ್ತಾಳಾ?" ಮಗ ನಕ್ಕ.

"ಆ ಡಬ್ಬ ಕಾಯೋಕೆ ನಾನೇ ಬೇಕಾ?" ಎಂದು ಬಿಗುಮಾನಕ್ಕೆ ಗೊಣಗಿದೆ. ಒಳಗೊಳಗೇ ಕುಣಿಯುವಷ್ಟು ಖುಷಿ. ಕುಣಿಯುವುದಕ್ಕೂ ಮಂಡಿ ಬೇಕಲ್ಲ!

ಅವನು ಎದ್ದು ಹೋದ ಮೇಲೆ ಅವಳು ನನ್ನ ಕೋಣೆಗೆ ಬಂದು, ಬಾಗಿಲು ಹಾಕಿ, ನನ್ನ ಕಾಲ ಬಳಿ ಕೂತಳು.

"ಇನ್ಮೇಲೆ ಬೆಳಿಗ್ಗೆ ಹಚ್ಚೋ ಹಾಗಿಲ್ಲ. ಮಲಗೋ ಮುಂಚೆ ನಾನೇ ಹಚ್ತೀನಿ. ಯಾವ ಕಾಲು, ಅತ್ತೆ?"

ಇಷ್ಟು ದಿನ ಒಬ್ಬಳೇ ತಡೆದುಕೊಂಡಿದ್ದೆ. ಸೀರೆಯ ಅಂಚನ್ನು ಮಂಡಿಯ ಮೇಲಕ್ಕೆ ಸರಿಸಿದೆ.

"ಎರಡೂ ಕಣೇ" ಎಂದೆ.