ಪೊದೆ ಕಡಿದ ಮೇಲೆ

"ಏಯ್ ಮುದುಕಿ! ಏಳೇ ಮೇಲೆ! ಇದೇನು ನಿಮ್ಮಪ್ಪ ಕಟ್ಟಿಸಿದ ಪಾಯಿಖಾನೆನಾ?"

ಮೂಲೆಮನೆಯ ಯಜಮಾನ ಗೇಟಿನ ಒಳಗಿಂದಲೇ ಕೂಗುತ್ತಿದ್ದ. ರಸ್ತೆ ಬದಿಯ ಪೊದೆಯ ಹಿಂದೆ ಕೂತಿದ್ದ ಮುದುಕಿ ಅರ್ಧಕ್ಕೇ ಎದ್ದಳು. ಬಟ್ಟೆ ಸರಿಮಾಡಿಕೊಳ್ಳಬೇಕೋ ಕೈಮುಗಿಯಬೇಕೋ ತಿಳಿಯದೆ ಎರಡನ್ನೂ ಅರೆಬರೆ ಮಾಡಿದಳು. ಇಪ್ಪತ್ತು ಹೆಜ್ಜೆ ಆಚೆ, ಮರದ ಪಾತಿಯಲ್ಲಿ ಕಳೆ ಕೀಳುತ್ತಿದ್ದ ಅವಳ ಸೊಸೆ ಕುಡುಗೋಲು ಹಿಡಿದೇ ಓಡಿಬಂದಳು.

"ವಯಸ್ಸಾದೋರು ಸ್ವಾಮಿ, ಸಕ್ಕರೆ ಕಾಯಿಲೆ. ತಡ್ಕೊಳ್ಳಕ್ಕಾಗಲ್ಲ."

"ನಿಮ್ಮ ಸಕ್ಕರೆ ತಂದು ನನ್ನ ಮನೆ ಮುಂದೆ ಸುರೀಬೇಡಿ. ಗಬ್ಬು ಮುಂಡೇವು! ಈಗ್ಲೇ ನಗರಸಭೆ ಸಾಹೇಬರಿಗೆ ಫೋನ್ ಮಾಡ್ತೀನಿ."

ಅವನು ಒಳಗೆ ಹೋದ ಮೇಲೆ, ಜೊತೆಯವರು ಬಾಯಿಬಡಕಿ ಎಂದು ಕರೆಯುತ್ತಿದ್ದ ಹೆಂಗಸು ಕ್ಯಾಕರಿಸಿ ಉಗಿದಳು. "ಇವನ ನಾಯಿ ದಿನಾ ಬೆಳಿಗ್ಗೆ ನಾವು ನೀರು ಹಾಕಿದ ಮರಕ್ಕೇ ಕಾಲೆತ್ತುತ್ತೆ. ಅದರ ಮೇಲೆ ಯಾವೋನೂ ಫೋನ್ ಮಾಡಲ್ಲ!"

ಎಲ್ಲರೂ ನಕ್ಕರು. ಅತ್ತೆ ಮಾತ್ರ ನಗಲಿಲ್ಲ.

ಅವರು ಆರು ಜನ ಹೆಂಗಸರು. ನಗರಸಭೆಯ ಗುತ್ತಿಗೆ ಕೆಲಸ. ಬೆಳಿಗ್ಗೆ ಏಳರಿಂದ ಸಂಜೆ ನಾಲ್ಕರವರೆಗೆ ಆ ಉದ್ದನೆಯ ರಸ್ತೆಯ ಎರಡೂ ಬದಿಯ ಹುಲ್ಲು ಕೊಯ್ಯಬೇಕು, ಸಸಿಗಳಿಗೆ ನೀರುಣಿಸಬೇಕು, ಬಿದ್ದ ಕೊಂಬೆ ಹೊರಬೇಕು. ಅಷ್ಟು ದೂರಕ್ಕೂ ಹೆಂಗಸೊಬ್ಬಳು ಮರೆಯಾಗಿ ಕೂರಬಹುದಾದ ಜಾಗವೆಂದರೆ ಆ ಪೊದೆಯ ಸಾಲು ಒಂದೇ. ಏಳು ವರ್ಷದ ಹಿಂದೆ ಅದನ್ನು ನೆಟ್ಟು, ಬಿಂದಿಗೆಯಲ್ಲಿ ನೀರು ಹೊತ್ತು ಬದುಕಿಸಿದವಳು ಅತ್ತೆಯೇ.

ಮಧ್ಯಾಹ್ನ ಮೇಸ್ತ್ರಿ ಬಂದ. ಸ್ಕೂಟರಿನಿಂದ ಇಳಿಯಲೂ ಇಲ್ಲ.

"ಈ ಪೊದೆ ಸಾಲು ಪೂರ್ತಿ ಬುಡಮಟ್ಟಕ್ಕೆ ಕಡೀರಿ. ಇವತ್ತೇ ಆಗ್ಬೇಕು. ಸಾಹೇಬರ ಆರ್ಡರು."

"ಆಮೇಲೆ ನಾವೆಲ್ಲಿಗೆ ಹೋಗೋದಣ್ಣ?" ಎಂದಳು ಸೊಸೆ.

"ಮನೇಲೇ ಮುಗಿಸ್ಕೊಂಡು ಬನ್ನಿ. ನಿಮ್ಮ ಉಚ್ಚೆಗೂ ನಾನೇ ಹೊಣೆನಾ?"

"ನಿಮಗೇನು, ಗೋಡೆ ಕಂಡಲ್ಲೆಲ್ಲ..." ಎಂದು ಬಾಯಿಬಡಕಿ ಶುರುಮಾಡಿದಳು.

"ಇನ್ನೊಂದು ಮಾತಾಡಿದ್ರೆ ನಾಳೆಯಿಂದ ನೀನು ಬರಬೇಡ."

ಬಾಯಿಬಡಕಿ ಮಚ್ಚು ಎತ್ತಿಕೊಂಡು ಮೊದಲನೇ ಏಟು ಹಾಕಿದಳು. ಉಳಿದವರೂ ಹಾಕಿದರು. ಅತ್ತೆಯೂ ಕಡಿದಳು. ನಾಲ್ಕು ಗಂಟೆಗೆ ರಸ್ತೆ ಬದಿ ಬೋಳಾಗಿ, ಆ ತುದಿಯಿಂದ ಈ ತುದಿಯವರೆಗೆ ಕಾಣುತ್ತಿತ್ತು.

ಮರುದಿನದಿಂದ ಅತ್ತೆ ನೀರು ಕುಡಿಯುವುದನ್ನೇ ಬಿಟ್ಟಳು. ಸುಡುಬಿಸಿಲಲ್ಲೂ ತುಟಿ ಒದ್ದೆ ಮಾಡಿಕೊಳ್ಳುತ್ತಿರಲಿಲ್ಲ. ಸೊಸೆ ಬೈದರೆ, "ಒಳಗೆ ಹೋದ್ರೆ ತಾನೇ ಹೊರಗೆ ಬರೋದು?" ಎನ್ನುತ್ತಿದ್ದಳು. ಮಗ ಸತ್ತ ಮೇಲೆ ಈ ಇಬ್ಬರೇ ಒಂದು ಕೋಣೆ, ಒಂದು ಒಲೆ ಅಂತ ಬದುಕಿದವರು. ಎಂಟನೇ ದಿನ ಅತ್ತೆಗೆ ಚಳಿಜ್ವರ ಬಂತು. ಸೊಂಟ ಹಿಡಿದುಕೊಂಡು ರಾತ್ರಿಯೆಲ್ಲ ನರಳಿದಳು.

"ಸೋಂಕು ಮೂತ್ರಪಿಂಡಕ್ಕೆ ಏರಿದೆ. ಚೆನ್ನಾಗಿ ನೀರು ಕುಡೀಬೇಕು, ಬಂದಾಗ ತಡ್ಕೋಬಾರದು," ಎಂದಳು ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ.

ಅತ್ತೆಗೆ ಆ ನೋವಿನಲ್ಲೂ ನಗು ಬಂತು. "ಹಂಗಂತ ಒಂದು ಚೀಟಿ ಬರ್ಕೊಡಿ ತಾಯಿ. ಮೂಲೆಮನೆಯೋನಿಗೆ ತೋರಿಸ್ತೀನಿ."

ಮೂರು ದಿನ ತಪ್ಪಿಸಿದರೆ ಕೆಲಸ ಹೋಗುತ್ತದೆ. ಎರಡು ದಿನ ಮಲಗಿದ್ದ ಅತ್ತೆ ಮೂರನೇ ದಿನ ಎದ್ದಳು. ಅವತ್ತು ಆರು ಜನವೂ ರಸ್ತೆಗೆ ಹೋಗದೆ ನೇರವಾಗಿ ನಗರಸಭೆಯ ತೋಟ ವಿಭಾಗಕ್ಕೆ ಹೋದರು. ಸಾಹೇಬರಿಗಾಗಿ ಎರಡು ಗಂಟೆ ನಿಂತರು. ಕಾರಿಡಾರಿನ ಕೊನೆಯ ಪಾಯಿಖಾನೆಗೆ ಬೀಗ ಬಿದ್ದಿತ್ತು. ಕೀಲಿ ಸಿಬ್ಬಂದಿಗೆ ಮಾತ್ರ ಎಂದ ಜವಾನ.

ಸಾಹೇಬರ ಬೆನ್ನ ಹಿಂದೆ ಗೋಡೆಯ ತುಂಬ ಊರಿನ ನಕ್ಷೆಯಿತ್ತು. ಬೀದಿಯ ಒಂದೊಂದು ಮರಕ್ಕೂ ಒಂದೊಂದು ನಂಬರು ಹಾಕಿದ್ದರು.

ಸೊಸೆ ರಸ್ತೆಗೊಂದು ಪಾಯಿಖಾನೆ ಕೇಳಿದಳು. "ನೀವು ನಮ್ಮ ಪಟ್ಟೀಲಿಲ್ಲ," ಎಂದರು ಸಾಹೇಬರು. "ಏನಿದ್ರೂ ಗುತ್ತಿಗೆದಾರನ್ನ ಕೇಳಿ."

ಅತ್ತೆಯ ಉಗುರು ಸೊಸೆಯ ಮುಂಗೈಗೆ ಇಳಿಯಿತು. "ಆಗ್ತಿಲ್ಲ ಕಣೇ," ಎಂದಳು ಕಿವಿಯಲ್ಲಿ.

"ಒಂದೇ ಒಂದು ಸಲ ಆ ಬೀಗ ತೆಗೆಸಿ ಸ್ವಾಮಿ. ಇವರ ಕೈಲಿ ಆಗ್ತಿಲ್ಲ."

"ಒಬ್ಬರಿಗೆ ತೆಗೆದ್ರೆ ನಾಳೆ ಊರೇ ಬರುತ್ತೆ. ಹೊರಗೆ ಹೋಗಿ."

"ಹೊರಗೆ ಎಲ್ಲಿಗೆ?"

ಸಾಹೇಬರು ಪೆನ್ನಿನಿಂದ ಬಾಗಿಲು ತೋರಿಸಿ ಕಾಗದದ ಕಡೆ ತಿರುಗಿದರು.

ಸೊಸೆ ಮೈಮೇಲಿದ್ದ ಕೆಲಸದ ಹಸಿರು ಕೋಟು ಬಿಚ್ಚಿದಳು. ಅತ್ತೆಗೆ ಅರ್ಥವಾಯಿತು. "ಬೇಡ ಕಣೇ, ಮಾನ ಹೋಗುತ್ತೆ."

"ಯಾರ್ದು?" ಎಂದಳು ಸೊಸೆ.

ಅವಳು ಕೋಟನ್ನು ಅಗಲಿಸಿ ಹಿಡಿದು ಅತ್ತೆಗೆ ಬೆನ್ನು ಮಾಡಿ ನಿಂತಳು. ಬಾಯಿಬಡಕಿ ಮಾತೇ ಆಡದೆ ತನ್ನ ಕೋಟು ಬಿಚ್ಚಿದಳು. ಮತ್ತೆ ಮೂವರು. ಕೋಣೆಯ ನಟ್ಟನಡುವೆ ಐದು ಕೋಟುಗಳ ಮರೆ ಎದ್ದಿತು. ಅದರೊಳಗೆ ಅತ್ತೆ ಮೆಲ್ಲಗೆ ಕುಕ್ಕರಗಾಲಲ್ಲಿ ಕೂತಳು.

"ಏಯ್! ಏನ್ ಮಾಡ್ತಿದೀರಾ? ಪೊಲೀಸ್ ಕರೀರೋ!" ಸಾಹೇಬರು ಕಿರುಚಿದರು. ಜವಾನ ಓಡಿದ. ಹೆಂಗಸರು ಕದಲಲಿಲ್ಲ. ಬಹಳ ಹೊತ್ತು ಏನೂ ಬರಲಿಲ್ಲ, ಅತ್ತೆ ಹಲ್ಲು ಕಚ್ಚಿ ನರಳುವುದಷ್ಟೇ ಕೇಳುತ್ತಿತ್ತು. ಆಮೇಲೆ ಕೋಟುಗಳ ಅಡಿಯಿಂದ ಸಣ್ಣ ಗೆರೆಯೊಂದು ಹೊರಟು, ನೆಲದ ಕಲ್ಲುಗಳ ಸಂದು ಹಿಡಿದು ಮೇಜಿನ ಕಡೆ ಹರಿಯಿತು. ಅದರಲ್ಲಿ ನೀರಿಗಿಂತ ರಕ್ತವೇ ಹೆಚ್ಚಿತ್ತು.

ಸಾಹೇಬರು ಎರಡೂ ಕಾಲುಗಳನ್ನು ಕುರ್ಚಿಯ ಮೇಲೆ ಎಳೆದುಕೊಂಡರು.

"ಅವಸರ ಇಲ್ಲ ಅತ್ತೆ," ಎಂದಳು ಸೊಸೆ, ಹಿಂದೆ ತಿರುಗದೆ. "ಪೂರ್ತಿ ಮುಗಿಸು."