ಹಾಲ್ವೊರನ ಅಂಗಳದ ಪ್ಲಗ್ಗು

ನಾರ್ವೆಯ ಒಳನಾಡಿನ ಆ ಕಡೆ ಚಳಿಗಾಲದಲ್ಲಿ ಮನೆಗೆ ಬಂದವರಿಗೆ ಮೊದಲು ಕೊಡುವುದು ಕಾಫಿಯಲ್ಲ, ಕರೆಂಟು. ಪ್ರತಿ ಅಂಗಳದಲ್ಲೂ ಒಂದು ಕಂಬ, ಕಂಬದಲ್ಲಿ ಒಂದು ಪ್ಲಗ್ಗು. ಬಂದವರ ಕಾರಿನ ಎಂಜಿನ್ನು ಸೆಟೆದುಕೊಳ್ಳದಿರಲೆಂದು ಅದರ ವೈರು ಸಿಕ್ಕಿಸಿ, ಆಮೇಲೆ ಒಳಗೆ ಕರೆಯುವುದು. ಮುಖ ಕಂಡರಾಗದವನಿಗೂ ಇದನ್ನು ಇಲ್ಲ ಅಂದವರಿಲ್ಲ. ಅಂಥದ್ದರಲ್ಲಿ ಹಾಲ್ವೊರ್ ಎಂಬ ರೈತ ಹೋದ ವರ್ಷ ತನ್ನ ಅಂಗಳದಲ್ಲಿ ಸಿಗ್ನೆಯ ಬ್ಯಾಟರಿ ಕಾರಿನ ವೈರು ಕಿತ್ತು ಹಿಮದ ಮೇಲೆ ಎಸೆದಿದ್ದ.

"ಎಂಜಿನ್ನು ಬೆಚ್ಚಗಿಡೋಕೆ ಕರೆಂಟು ಕೊಡ್ತೀನಿ. ಕುಡಿಯೋಕೆ ಕೊಡಲ್ಲ," ಅಂದಿದ್ದ.

ಸಿಗ್ನೆ ಅದನ್ನು ಮರೆತಿರಲಿಲ್ಲ. ಮರೆಯುವ ಇರಾದೆಯೂ ಇರಲಿಲ್ಲ. ಐವತ್ತೇಳರ ಆ ಹೆಂಗಸಿನ ಕಸುಬು ಬೆದೆಗೆ ಬಂದ ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡುವುದು. ಘಟ್ಟದ ಈಚೆ ಅವಳ ಮನೆ. ಆಚೆ ಎಂಟು ಕೊಟ್ಟಿಗೆಗಳು. ಇಪ್ಪತ್ತೇಳು ವರ್ಷದಿಂದ ಆ ಎಂಟೂ ಕೊಟ್ಟಿಗೆಯ ಕರುಗಳು ಅವಳ ಕೈಯಿಂದಲೇ ಬಂದವು. ಬ್ಯಾಟರಿ ಕಾರು ಕೊಂಡ ದಿನದಿಂದ ಮಾತ್ರ ಆ ಜನಕ್ಕೆ ಅವಳ ಕೈಗಿಂತ ಅವಳ ಗಾಲಿಯ ಚಿಂತೆ ಹೆಚ್ಚಾಯಿತು. ಹಾಲ್ವೊರ್ ಒಂದು ಮನವಿ ಬರೆದು, ಮೊದಲ ಸಹಿ ತಾನೇ ಹಾಕಿ, ಊರೆಲ್ಲ ತಿರುಗಿಸಿದ್ದ. ಈ ಚಳಿಗಾಲದಲ್ಲಿ ಸಿಗ್ನೆ ಒಂದೇ ಒಂದು ಸಲ ಹೊತ್ತಿಗೆ ಬಾರದೆ ಹೋದರೆ, ಎಂಟೂ ಕೊಟ್ಟಿಗೆಗಳನ್ನು ಡೀಸೆಲ್ ಗಾಡಿಯಿರುವ ಬೇರೊಬ್ಬನಿಗೆ ಕೊಡಬೇಕೆಂದು. ಹಾಲಿನ ಸಂಘ ಒಪ್ಪಿತ್ತು. ಬಾಯಿದ್ದವನು ಬರಗಾಲದಲ್ಲೂ ಬದುಕಿದ ಅನ್ನುತ್ತಾರೆ. ಹಾಲ್ವೊರನಿಗಂತೂ ಬರಗಾಲವೇ ಬಂದಿರಲಿಲ್ಲ.

ಜನವರಿಯ ಆ ಬೆಳಗ್ಗೆ ಮೈನಸ್ ಮೂವತ್ತಮೂರು ಡಿಗ್ರಿ, ಮೇಲೆ ಗಾಳಿ. ಎಂಟು ಗಂಟೆಗೆ ಫೋನು ಬಂತು. ಆಚೆ ಕಡೆಯ ಹಸುವೊಂದು ಬೆಳಗಿನ ಜಾವದಿಂದ ಬೆದೆಯಲ್ಲಿದೆ, ಹಿಂದೆ ಎರಡು ಸಲ ಗರ್ಭ ನಿಂತಿಲ್ಲ, ಇವತ್ತು ಸಂಜೆಯೊಳಗೆ ಆಗಲೇಬೇಕು. ಸಿಗ್ನೆ ಹೋರಿಯ ವೀರ್ಯವಿದ್ದ ದ್ರವ ಸಾರಜನಕದ ಡಬ್ಬಿಯನ್ನು ಹಿಂದಿನ ಸೀಟಿಗೆ ಬಿಗಿದಳು, ಬ್ರೆಡ್ಡಿನ ನಡುವೆ ಕಂದು ಚೀಸಿಟ್ಟು ಕಾಗದದಲ್ಲಿ ಸುತ್ತಿಕೊಂಡಳು, ಹೊರಟಳು.

ಘಟ್ಟದ ಬುಡದಲ್ಲಿ ಗೇಟು ಬಿದ್ದಿತ್ತು. ಅಂಥ ದಿನ ಯಾರೂ ತಾವಾಗಿಯೇ ಘಟ್ಟ ಹತ್ತುವಂತಿಲ್ಲ. ಹಿಮ ತಳ್ಳುವ ಗಾಡಿ ಮುಂದೆ, ಅದರ ಬೆನ್ನಿಗೆ ಸಾಲಾಗಿ ಉಳಿದವರು. ಸಾಲಿನಲ್ಲಿ ಹನ್ನೊಂದು ಗಾಡಿಗಳಿದ್ದವು. ಸಿಗ್ನೆಗಿಂತ ಮುಂದಿನದು ಹಾಲ್ವೊರನ ಪಿಕಪ್ಪು; ಪೇಟೆಯಿಂದ ಪಶು ಆಹಾರ ಹೇರಿಕೊಂಡು ಊರಿಗೆ ಮರಳುತ್ತಿದ್ದ.

ಗೇಟಿನವನು ಒಂದೊಂದು ಗಾಡಿಯನ್ನೂ ನೋಡುತ್ತ ಬಂದ. ಹಾಲ್ವೊರ್ ಕೆಳಗಿಳಿದು, ಹನ್ನೊಂದು ಗಾಡಿಗಳಿಗೂ ಕೇಳುವಂತೆ ಅವನಿಗೆ ಬುದ್ಧಿ ಹೇಳಿದ. ಈ ಇಸ್ತ್ರಿಪೆಟ್ಟಿಗೆಯನ್ನು ಮೇಲೆ ಬಿಡಬೇಡ, ನಡುದಾರಿಯಲ್ಲಿ ಆರಿಹೋಗಿ ದಾರಿ ಕಟ್ಟುತ್ತದೆ, ಇವಳ ಹಟಕ್ಕೆ ನಾವೆಲ್ಲ ಮೇಲೆ ಹೆಪ್ಪುಗಟ್ಟಬೇಕಾಗುತ್ತದೆ. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. ಆಗಲೂ ಅವನು ಹೀಗೆಯೇ, ತನ್ನ ಲೆಕ್ಕ ಬಿಟ್ಟು ಪಕ್ಕದವರ ಲೆಕ್ಕ ತಿದ್ದುತ್ತಿದ್ದ.

ಸಿಗ್ನೆಯ ಕಿವಿ ಸಿಟ್ಟಿನಿಂದ ಕಾದುಹೋಯಿತು. ಕಿಟಕಿ ಇಳಿಸಿ ಗೇಟಿನವನಿಗೆ ಬ್ಯಾಟರಿಯ ಅಂಕಿ ತೋರಿಸಿದಳು. ನೂರಕ್ಕೆ ಅರವತ್ತೊಂದು.

"ಬ್ಯಾಟರಿ ಗಾಡಿ ಬಿಡಬಾರ್ದು ಅಂತ ನಿಮ್ಮ ಕಾಗದದಲ್ಲಿ ಎಲ್ಲಿ ಬರ್ದಿದೆ, ತೋರ್ಸಪ್ಪ. ತೋರ್ಸಿದ್ರೆ ಈಗಲೇ ತಿರುಗಿಸ್ಕೊಂಡು ಹೋಗ್ತೀನಿ."

ಅವನು ಕಾಗದ ತಿರುವಿದ, ಹಾಲ್ವೊರನ ಮುಖ ನೋಡಿದ, ಸಿಗ್ನೆಯ ಮುಖ ನೋಡಿದ, ಗೇಟು ಎತ್ತಿದ.

ಹನ್ನೆರಡು ಕಿಲೋಮೀಟರು ಹತ್ತಿದರು. ಮುಂದಿನ ಪಿಕಪ್ಪಿನ ಕೆಂಪು ದೀಪ ಬಿಟ್ಟರೆ ಬೇರೇನೂ ಕಾಣದು. ಅದನ್ನೇ ಹಿಡಿದುಕೊಂಡು ಅವಳು ಹತ್ತಿದಳು. ನೆತ್ತಿಯ ಮೇಲೆ ಸಾಲು ನಿಂತಿತು. ಗಾಳಿ ಹೊಸ ಹಿಮ ತಂದು ದಾರಿಗೆ ಅಡ್ಡ ಸುರಿದಿದೆ, ಬಿಡಿಸುವತನಕ ಯಾರೂ ಗಾಡಿಯಿಂದ ಇಳಿಯಬಾರದು ಎಂದು ಮುಂದಿನಿಂದ ಸುದ್ದಿ ಬಂತು. ಅಂಕಿ ನಲವತ್ತೆರಡಾಗಿತ್ತು. ಸಿಗ್ನೆ ಬ್ರೆಡ್ಡು ಬಿಚ್ಚಿದಳು.

ಅರ್ಧ ಗಂಟೆಯಾಗಿರಬೇಕು. ಪಿಕಪ್ಪಿನ ಕೊಳವೆಯಿಂದ ಬರುತ್ತಿದ್ದ ಬಿಳಿಹೊಗೆ ನಿಂತಿತು. ಮತ್ತೆ ಬಂತು, ಕೆಮ್ಮಿತು, ನಿಂತೇಹೋಯಿತು. ಎಂಜಿನ್ನು ಸ್ಟಾರ್ಟು ಮಾಡಲು ಹಾಲ್ವೊರ್ ಒದ್ದಾಡುವುದು ಗಾಳಿಯ ನಡುವೆಯೂ ಕೇಳುತ್ತಿತ್ತು. ಹತ್ತು ನಿಮಿಷದಲ್ಲಿ ಅವನ ಕಿಟಕಿಯ ಒಳಮೈಗೆ ಮಂಜು ಕಟ್ಟಿತು.

ಒಂದು ಕ್ಷಣ ಅವಳಿಗೆ ಖುಷಿಯಾಯಿತು, ಸುಳ್ಳೇಕೆ ಹೇಳಬೇಕು. ಮರುಕ್ಷಣ ಆ ಖುಷಿಗೆ ತನ್ನನ್ನೇ ಬೈದುಕೊಂಡು ಟೊಪ್ಪಿ ಎಳೆದುಕೊಂಡಳು. ಅಂಥ ಚಳಿಯಲ್ಲಿ ಕೆಟ್ಟ ಗಾಡಿಯೊಳಗೆ ಮನುಷ್ಯ ಎಷ್ಟು ಹೊತ್ತು ತಾಳುತ್ತಾನೆಂದು ಅವಳಿಗೆ ಗೊತ್ತಿತ್ತು. ನಿಯಮ ಮುರಿದು ಇಳಿದಳು, ಪಿಕಪ್ಪಿನ ಅಂಚು ಹಿಡಿದು ನಡೆದಳು, ಕಿಟಕಿ ಬಡಿದಳು.

"ನಂಗೇನೂ ಆಗಿಲ್ಲ," ಅಂದ ಹಾಲ್ವೊರ್. ಹಲ್ಲು ಕಟಕಟ ಅನ್ನುತ್ತಿತ್ತು.

"ಕಾಣ್ತಿದೆ. ಎದ್ದು ಬಾ."

ಅವಳ ಕಾರಿಗೆ ಬಂದು ಕೂತ. ಕಾಲಿಗೆ ಬಿಸಿಗಾಳಿ ತಾಗಿದ ಮೇಲೆ ಅವನ ಬಾಯಿ ಕರಗಿತು. ಎಂಜಿನ್ನಿಗೇನೂ ಆಗಿಲ್ಲ, ಡೀಸೆಲ್ಲು ಮೇಣದ ಹಾಗೆ ಕಟ್ಟಿಕೊಂಡಿರಬೇಕು ಅಂದ.

"ಎಲ್ಲಿ ತುಂಬಿಸಿದ್ದೆ?"

ಅವನು ಗ್ಲೌಸಿನ ಹಿಮ ಕೊಡವತೊಡಗಿದ. ಸಿಗ್ನೆಗೆ ಉತ್ತರ ಬೇಕೂ ಇರಲಿಲ್ಲ. ಟ್ರಾಕ್ಟರಿಗೆಂದು ತೆರಿಗೆಯಿಲ್ಲದೆ ಕೊಡುವ ಹಸಿರು ಬಣ್ಣದ ಡೀಸೆಲ್ಲು ಪ್ರತಿ ಹೊಲದ ಟ್ಯಾಂಕಿನಲ್ಲೂ ಇರುತ್ತದೆ. ರಸ್ತೆಯ ಗಾಡಿಗೆ ಅದನ್ನು ಹಾಕಿದರೆ ಅಪರಾಧ, ಹಾಕದವರು ಕಡಿಮೆ. ಬೇಸಿಗೆಯಲ್ಲಿ ತರಿಸಿದ ಆ ಡೀಸೆಲ್ಲು ಚಳಿ ತಾಳದೆಂದು ಎಲ್ಲರಿಗೂ ಗೊತ್ತು. ಊರಿಗೆಲ್ಲ ಚಳಿಯ ಪಾಠ ಹೇಳುವ ಹಾಲ್ವೊರ್ ತನ್ನ ಟ್ಯಾಂಕಿನ ತಳದಲ್ಲಿ ಉಳಿದಿದ್ದನ್ನು ಬಳಿದು ಸುರಿದುಕೊಂಡು ಬಂದಿದ್ದ.

"ಯಾರಿಗೂ ಹೇಳ್ಬೇಡ," ಅಂದ.

"ನಾನ್ಯಾಕೆ ಹೇಳ್ಲಿ. ನಿನ್ ಹಾಗೆ ಮನವಿ ಬರ್ಕೊಂಡು ತಿರುಗೋ ಅಭ್ಯಾಸ ನಂಗಿಲ್ಲ."

ಅವನು ಅಂಕಿಯನ್ನೇ ದಿಟ್ಟಿಸುತ್ತಿದ್ದ. ನಲವತ್ತು. ಮೂವತ್ತೊಂಬತ್ತು. ಬಿಸಿ ಆರಿಸು, ಹೀಗಾದರೆ ಇದು ಕೆಳಗೆ ಇಳಿಯುವುದಿಲ್ಲ ಎಂದು ಗೊಣಗಿದ. ಸಾರಜನಕದ ಆವಿ ಒಳಗೆ ನಿಲ್ಲದಿರಲೆಂದು ಅವಳು ಬೆರಳಗಲ ತೆರೆದಿಟ್ಟಿದ್ದ ಕಿಟಕಿಗೂ ಗೊಣಗಿದ.

"ಹಿಂದೆ ನೋಡು," ಅಂದಳು ಸಿಗ್ನೆ. "ಆ ಡಬ್ಬಿಯೊಳಗೆ ಹೋರಿ ಮೈನಸ್ ನೂರ ತೊಂಬತ್ತಾರರಲ್ಲಿ ಕೂತಿದ್ದಾನೆ. ಬೆಳಗ್ಗೆಯಿಂದ ಒಂದು ಮಾತಾಡಿಲ್ಲ. ನಿಂದೇನು ಗೋಳು?"

ಅವನ ಮೀಸೆ ಅಲುಗಿತು, ನಗಲಿಲ್ಲ. ಕೇಳಲೇಬೇಕೆಂದು ಕೇಳಿದ.

"ಯಾರ ಕೊಟ್ಟಿಗೆಗೆ ಹೊರಟಿದ್ದೀಯ?"

"ನಿಂದೇ. ದಾಗ್ರೂಸ್ ಬೆದೆಗೆ ಬಂದಿದ್ದಾಳೆ. ಗೂರೋ ಫೋನು ಮಾಡಿದ್ಲು."

ಗೂರೋ ಅವನ ಹೆಂಡತಿ. ದಾಗ್ರೂಸ್ ಅವನ ಕೊಟ್ಟಿಗೆಯ ಮೊದಲ ಹಸು. ಇವಳನ್ನು ಕರೆಯಬೇಡ ಎಂದು ಅವನು ಹೇಳಿದ್ದ, ಕಟ್ಟಿಕೊಂಡವಳು ಕಿವಿಗೆ ಹಾಕಿಕೊಂಡಿರಲಿಲ್ಲ. ಗೇಟಿನಲ್ಲಿ ತಾನು ತಡೆಯಲು ಹೊರಟಿದ್ದು ಯಾರ ಕೆಲಸವನ್ನು ಎಂಬುದು ಅವನ ತಲೆಗೆ ನಿಧಾನವಾಗಿ ಇಳಿಯಿತು. ಹೊರಗಿನ ಬಿಳುಪನ್ನು ನೋಡುತ್ತ ಕೂತ. ಅವಳು ಉಳಿದಿದ್ದ ಒಂದು ತುಂಡು ಬ್ರೆಡ್ಡು ಕೊಟ್ಟಳು, ತಿಂದ.

ಮಧ್ಯಾಹ್ನ ಎರಡು ಗಂಟೆ ದಾಟಿದ ಮೇಲೆ ದಾರಿ ತೆರೆಯಿತು. ಹಿಮ ತಳ್ಳುವ ಗಾಡಿಯವರು ಪಿಕಪ್ಪನ್ನು ಬದಿಗೆ ಎಳೆದುಹಾಕಿ ನಾಳೆ ತರುತ್ತೇವೆ ಅಂದರು. ಸಿಗ್ನೆ ಇಳಿಜಾರಿಗೆ ಕಾರು ಬಿಟ್ಟಾಗ ಅಂಕಿ ಮೂವತ್ತನಾಲ್ಕು. ಬ್ರೇಕಿನ ಕೆಲಸವನ್ನೆಲ್ಲ ಮೋಟಾರೇ ಮಾಡುತ್ತಿತ್ತು, ಬ್ಯಾಟರಿಗೆ ಅಷ್ಟಷ್ಟು ತುಂಬುತ್ತಿತ್ತು. ಕೆಳಗಿನ ಗೇಟು ದಾಟುವಾಗ ಹಾಲ್ವೊರ್ ಬಾಗಿ ನೋಡಿದ. ಮೂವತ್ತೈದು. ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದ. ಸಿಗ್ನೆ ಏನೂ ವಿವರಿಸಲಿಲ್ಲ. ಎರಡು ವರ್ಷ ವಿವರಿಸಿ ಅವಳಿಗೆ ಸಾಕಾಗಿತ್ತು.

ಮೂರೂವರೆಗೆ ಕೊಟ್ಟಿಗೆ ಸೇರಿದರು. ದಾಗ್ರೂಸ್ ಇನ್ನೂ ಬೆದೆಯಲ್ಲೇ ಇದ್ದಳು. ಸಿಗ್ನೆ ಭುಜದವರೆಗೆ ಕೈಗವಸು ಏರಿಸಿ, ಕೆಲಸವನ್ನು ಐದು ನಿಮಿಷದಲ್ಲಿ ಮುಗಿಸಿದಳು. ಬಾಲ ಹಿಡಿದುಕೊಂಡಿದ್ದು ಹಾಲ್ವೊರನೇ.

ಬಾಗಿಲ ಮೊಳೆಗೆ ಹಸುವಿನ ಕಾರ್ಡು ತೂಗುತ್ತಿತ್ತು. ದಿನ, ಹೊತ್ತು, ಹೋರಿಯ ನಂಬರು ಬರೆದು ರೈತನ ಸಹಿ ಪಡೆಯಬೇಕು. ಅದರ ನಕಲು ಸಂಘಕ್ಕೆ ಹೋಗುತ್ತದೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುವ ಜನ ಇವರು, ಬಿಸಿ ಆರುವ ಮೊದಲೇ ಆಗಬೇಕು ಎಂದುಕೊಂಡು ಸಿಗ್ನೆ ಷರಾದ ಜಾಗದಲ್ಲಿ ಬಿಡಿಸಿ ಬರೆದಳು: 'ಘಟ್ಟ ಮುಚ್ಚಿದ ದಿನ. ಹೊತ್ತಿಗೆ ಸರಿಯಾಗಿ ತಲುಪಿದೆ. ಹಸುವಿನ ಮಾಲೀಕರನ್ನೂ ಬ್ಯಾಟರಿ ಕಾರಿನಲ್ಲಿ ಕರೆತಂದಿದ್ದೇನೆ.'

ಹಾಲ್ವೊರ್ ಓದಿದ. ಕತ್ತು ಕೆಂಪಾಯಿತು.

"ಇದನ್ನ ಸಂಘದಲ್ಲಿ ಎಲ್ರೂ ಓದ್ತಾರೆ."

"ಓದ್ಲಿ ಅಂತಲೇ ಬರ್ದಿದ್ದು. ಸುಳ್ಳಿದ್ರೆ ಹೊಡೆದುಹಾಕು."

ಪೆನ್ನು ಅವನ ಕೈಯಲ್ಲಿ ಬಹಳ ಹೊತ್ತು ಇತ್ತು. ಗೂರೋ ಹಾಲಿನ ಬಕೆಟ್ಟು ಹಿಡಿದು ಪಕ್ಕದಲ್ಲೇ ನಿಂತಿದ್ದಳು, ಅಲ್ಲಾಡಲಿಲ್ಲ. ಕೊನೆಗೆ ಸಹಿ ಹಾಕಿದ. ಮನವಿಯ ಮೇಲೆ ಹಾಕಿದಷ್ಟು ದೊಡ್ಡದಾಗಿರಲಿಲ್ಲ, ಆದರೆ ಅದೇ ಸಹಿ.

ಗೂರೋ ಸಿಗ್ನೆಯನ್ನು ಅಡುಗೆಮನೆಗೆ ಕರೆದೊಯ್ದು ಕಾಫಿ ಇಟ್ಟಳು. ಕಿಟಕಿಯಿಂದ ಅಂಗಳದ ಕಂಬ ಕಾಣುತ್ತಿತ್ತು. ಹಾಲ್ವೊರ್ ಕಂಬದಲ್ಲಿ ಖಾಲಿ ನೇತಾಡುತ್ತಿದ್ದ ಪಿಕಪ್ಪಿನ ವೈರನ್ನು ಪ್ಲಗ್ಗಿನಿಂದ ಕಿತ್ತ, ಸಿಗ್ನೆಯ ಕಾರಿನ ಹಿಂಬದಿಯಿಂದ ಅವಳ ವೈರು ತೆಗೆದ, ಮಂಡಿಯವರೆಗಿನ ಹಿಮದಲ್ಲಿ ಅದನ್ನು ಎಳೆಯುತ್ತ ಹೋದ. ಕಾರಿನ ಕಡೆಯ ತುದಿಯನ್ನು ಹೇಗೆ ಸಿಕ್ಕಿಸುವುದೆಂದು ತಿಳಿಯದೆ ಮೊದಲ ಸಲ ತಲೆಕೆಳಗಾಗಿ ಹಿಡಿದ. ಗ್ಲೌಸು ಬಿಚ್ಚಿ ಮತ್ತೆ ಯತ್ನಿಸಿದ.

"ಹೋಗಿ ತೋರ್ಸಿಕೊಡ್ಬಾರ್ದಾ ಅಕ್ಕ, ಬೆರಳು ಮರಗಟ್ಟತ್ತೆ," ಅಂದಳು ಗೂರೋ.

"ಕಲೀಲಿ," ಅಂದಳು ಸಿಗ್ನೆ. "ಇನ್ನೂ ಎಷ್ಟೋ ಚಳಿಗಾಲ ಬರ್ತೀನಿ ನಾನು."

ಲೋಟ ಮುಂದೆ ಮಾಡಿ ಇನ್ನಷ್ಟು ಕಾಫಿ ಬಗ್ಗಿಸಿಕೊಂಡಳು.