ಮೇಯುನ್‌ಳ ಬೈಗುಳ

ಶಿಂಚು ಊರಿನ ಹವಾಮಾನ ಕಚೇರಿಯಲ್ಲಿ ಬಿಂಗ್‌ಹುಯಿಯ ಕಂಪ್ಯೂಟರಿಗೆ ಎರಡು ದನಿಗಳಿದ್ದವು. ಕೊಟ್ಟ ಆಜ್ಞೆ ಸರಿಯಾಗಿ ಮುಗಿದರೆ ಟಿಣ್ ಎನ್ನುವ ಗಂಟೆ, ಕೆಟ್ಟರೆ ಹೆಂಡತಿ ಮೇಯುನ್‌ಳ ಬೈಗುಳ. ಪರದೆ ನೋಡುತ್ತ ಊಟ ಮರೆಯುವ ಗಂಡನಿಗೆಂದು ಅವಳೇ ನಗುತ್ತ ರೆಕಾರ್ಡ್ ಮಾಡಿಕೊಟ್ಟಿದ್ದಳು: "ಅಯ್ಯೋ ಪೆದ್ದು, ಮತ್ತೆ ಕೆಡಿಸ್ದ್ಯಾ? ಮೊದ್ಲು ಊಟ ಮಾಡು, ಆಮೇಲೆ ನೋಡ್ಕೊಂಡ್ರಾಯ್ತು!"

ಅವಳು ತೀರಿಕೊಂಡು, ನಲವತ್ತೊಂಬತ್ತನೆಯ ದಿನದ ಪೂಜೆಯೂ ಮುಗಿದಿತ್ತು. ಆ ದನಿಯನ್ನು ಬೇಕೆಂದಾಗ ಹಾಕಿ ಕೇಳಬಹುದಿತ್ತು, ಆದರೆ ಹಾಗೆ ಕೇಳಿದರೆ ಅದು ಬರೀ ರೆಕಾರ್ಡು. ತಪ್ಪು ಮಾಡಿ ಬೈಸಿಕೊಂಡರೆ ಮಾತ್ರ ಅವಳೇ ಬೈದಂತಿರುತ್ತಿತ್ತು. ಹಾಗಾಗಿ ದಿನವೂ ಮಧ್ಯಾಹ್ನ ಅವನು ಫೈಲಿನ ಹೆಸರಿನಲ್ಲಿ ಒಂದಕ್ಷರ ಬೇಕೆಂದೇ ತಪ್ಪು ಒತ್ತುತ್ತಿದ್ದ. ಬೈಸಿಕೊಂಡು, ಡಬ್ಬಿ ಬಿಚ್ಚಿ ಉಣ್ಣುತ್ತಿದ್ದ.

ದಿನವೂ ಹೀಗೆ ಕೆಡುವುದಕ್ಕೆ ಕಚೇರಿಯವರು ದೂರಿದ್ದು ಯಂತ್ರದ ಮೇಲಿನ ಹಸಿರು ಕುರುಕಲು ಪೊಟ್ಟಣವನ್ನು. ಯಂತ್ರ ಹಟ ಮಾಡದಿರಲೆಂದು ಅಲ್ಲಿನವರ ನಂಬಿಕೆಯಂತೆ ಇಟ್ಟಿದ್ದ ಅದರ ಅವಧಿ ಮುಗಿದುಹೋಗಿತ್ತಂತೆ. ಪಾಪ, ಪೊಟ್ಟಣದ್ದೇನು ತಪ್ಪು!

ಸೋಮವಾರ, ಹೊಸದಾಗಿ ಸೇರಿದ್ದ ಪೇಶಾನ್ ಹೊಸ ಪೊಟ್ಟಣ ತಂದಿಟ್ಟಳು.

"ಹುಯಿ ಅಣ್ಣ, ನೀವು ದಿನಾ ಬೈಸ್ಕೊಳ್ಳೋದು ನೋಡಕ್ಕಾಗ್ಲಿಲ್ಲ. ಇನ್ಮೇಲೆ ಹೆಸ್ರು ತಪ್ಪು ಕೊಟ್ರೂ ಅದೇ ಸರಿ ಮಾಡ್ಕೊಳ್ಳುತ್ತೆ, ಹಾಗೆ ಪ್ರೋಗ್ರಾಂ ಬರ್ದಿಟ್ಟಿದೀನಿ. ಬೇಕಾದ್ರೆ ನೋಡಿ!"

ಅವನು ತಪ್ಪು ಹೆಸರನ್ನೇ ಒತ್ತಿ ಕಾದ.

ಟಿಣ್.

"ಹೇಗೆ?" ಎಂದು ಪೇಶಾನ್ ಹಿಗ್ಗಿದಳು.

"ತುಂಬ ಉಪಕಾರ ಆಯ್ತಮ್ಮ" ಎಂದ ಬಿಂಗ್‌ಹುಯಿ. ಊಟದ ಡಬ್ಬಿ ಸಂಜೆಯವರೆಗೂ ಮುಚ್ಚಿದಂತೆಯೇ ಇತ್ತು.